ಬುತ್ತಿ, ಹಾಸಿಗೆ, ಪ್ರಸಾದ: ಗದಗ ಸೀಮೆಯ ಸಮೂಹಯಾತ್ರೆಗಳಲ್ಲಿ ಸಾಮಾನಿನ ಪ್ರಮಾಣ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಭಾಗಗಳಿಂದ ಕಾಶಿ, ರಾಮೇಶ್ವರ, ತಿರುಪತಿ, ಶ್ರೀಶೈಲಗಳಿಗೆ ಗುಂಪಾಗಿ ಹೊರಡುವವರ ಸಾಮಾನನ್ನು ಬಿಚ್ಚಿ ನೋಡಿದರೆ, ಅದರ ಭಾರದಲ್ಲಿ ಉಡುವ ಬಟ್ಟೆಯ ಪಾಲು ಊಹಿಸಿದ್ದಕ್ಕಿಂತ ಕಡಿಮೆಯಿರುವುದು ಕಂಡುಬರುತ್ತದೆ. ಭಾರದ ಬಹುಭಾಗ ಮೂರು ಮೂಲಗಳಿಂದ ಬರುತ್ತದೆ: ದಾರಿಯ ಊಟಕ್ಕೆಂದು ಮನೆಯಲ್ಲೇ ಕಟ್ಟಿಕೊಂಡ ಬುತ್ತಿ, ಹಾಸಲು ಹೊದೆಯಲು ಒಯ್ಯುವ ಚಾದರ-ಕೌದಿ, ಮತ್ತು ಮರಳುವಾಗ ಬಂದು ಸೇರುವ ತೀರ್ಥ-ಪ್ರಸಾದ. ಆದ್ದರಿಂದ ಎಷ್ಟು ಅಂಗಿ, ಎಷ್ಟು ಸೀರೆ ಸಾಕೆಂದು ಎಣಿಸಿಕೊಡುವ ಪ್ರವಾಸ ಕೈಪಿಡಿಗಳ ಸಲಹೆ ಈ ಸೀಮೆಯ ಯಾತ್ರಿಕರಿಗೆ ಅರ್ಧದಷ್ಟೇ ಉಪಯೋಗಕ್ಕೆ ಬರುತ್ತದೆ. ಉಳಿದರ್ಧವನ್ನು ಇಲ್ಲಿಯ ತಂಡಗಳು ತಮ್ಮ ಅನುಭವದಿಂದಲೇ ಕಲಿತುಕೊಂಡಿವೆ.

ಆ ಕಲಿಕೆಯ ತಿರುಳನ್ನು ಹೀಗೆ ಹೇಳಬಹುದು: ಸಮೂಹಯಾತ್ರೆಯಲ್ಲಿ ಸಾಮಾನಿನ ಅಳತೆಯನ್ನು ನಿರ್ಧರಿಸಬೇಕಾದದ್ದು ದಾರಿಯ ಅತ್ಯಂತ ಇಕ್ಕಟ್ಟಾದ ತಾವು. ಊರಿನಿಂದ ಊರಿಗೆ ಸಾಗುವ ಉದ್ದನೆಯ ಹಾದಿ ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ. ಒಂದು ವಾಹನದಿಂದ ಇನ್ನೊಂದಕ್ಕೆ ದಾಟುವ ಗಳಿಗೆಯಲ್ಲಿ ಮಾತ್ರ ಅದು ಮನುಷ್ಯರ ಕೈಗೆ ಬೀಳುತ್ತದೆ. ಇಂಥ ದಾಟುವಿಕೆ ಈ ಭಾಗದವರಿಗೆ ಮನೆಯ ಬಾಗಿಲಿನಿಂದಲೇ ಶುರುವಾಗುತ್ತದೆ. ರೈಲುಮಾರ್ಗ ಇರುವುದು ಗದುಗಿಗೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳಿಗೆ ರೈಲು ಇಲ್ಲ. ಮುಂಡರಗಿಯಿಂದಾಗಲಿ ಲಕ್ಷ್ಮೇಶ್ವರದಿಂದಾಗಲಿ ಗದುಗಿಗೆ ಸುಮಾರು 40 ಕಿಲೋಮೀಟರು ರಸ್ತೆಯ ಹಾದಿ. ಹಳ್ಳಿಯವರಾದರೆ ಮೊದಲು ಟಂಟಂ, ಅಂದರೆ ಮಂದಿಯನ್ನೂ ಸಾಮಾನನ್ನೂ ಒಟ್ಟಿಗೆ ತುಂಬಿಕೊಳ್ಳುವ ದೊಡ್ಡ ಆಟೋ, ಆಮೇಲೆ ಬಸ್ಸು, ಆಮೇಲೆ ರೈಲು. ರೈಲು ಹತ್ತುವ ಮೊದಲೇ ಗಂಟುಗಳು ಎರಡು ಸಲ ಇಳಿದು ಎರಡು ಸಲ ಏರಿರುತ್ತವೆ. ಮೀಟರ್‌ಗೇಜ್ ಕಾಲದಲ್ಲಿ, ಅಂದರೆ ಹಳಿಗಳ ನಡುವಿನ ಅಂತರ ಒಂದು ಮೀಟರು ಇದ್ದ ದಿನಗಳಲ್ಲಿ, ಉತ್ತರಕ್ಕೆ ಹೋಗುವವರು ಸೊಲ್ಲಾಪುರದ ಕಡೆ ಅಗಲ ಹಳಿಯ ಗಾಡಿಗೆ ಬದಲಾಯಿಸಿಕೊಳ್ಳಬೇಕಾಗುತ್ತಿತ್ತು. ಟ್ರಂಕು, ಹೋಲ್ಡಾಲುಗಳ ಆ ಯುಗದಲ್ಲಿ ಕೂಲಿಯವನು ಸಿಗುವನೆಂಬ ಭರವಸೆಯಾದರೂ ಇತ್ತು.

ಈಗ ಗೇಜು ಬದಲಾಗಿದೆ, ಆದರೆ ನಡೆಯುವ ದೂರ ಕಡಿಮೆಯಾಗಿಲ್ಲ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚ್ 12ರಂದು ಲೋಕಾರ್ಪಣೆಯಾದ ಪ್ಲಾಟ್‌ಫಾರ್ಮ್ 1,507 ಮೀಟರು ಉದ್ದವಿದ್ದು, ಜಗತ್ತಿನಲ್ಲೇ ಅತಿ ಉದ್ದವಾದದ್ದೆಂದು ದಾಖಲಾಗಿದೆ. ನಾಡಿಗೆ ಹೆಮ್ಮೆಯ ಸಂಗತಿಯೇ ಹೌದು. ಆದರೆ ತಮ್ಮ ಬೋಗಿ ಯಾವ ತುದಿಯಲ್ಲಿ ನಿಲ್ಲುವುದೆಂದು ಮೊದಲೇ ತಿಳಿದುಕೊಳ್ಳದ ತಂಡಕ್ಕೆ, ಎರಡೂ ಕೈಯಲ್ಲಿ ಚೀಲ ಹಿಡಿದ ಹಿರಿಯರ ಪಾಲಿಗೆ, ಆ ಉದ್ದವೇ ಒಂದು ಸಣ್ಣ ಪಾದಯಾತ್ರೆ. ಎರಡು ನಿಮಿಷ ಮಾತ್ರ ಗಾಡಿ ನಿಲ್ಲುವ ಸಣ್ಣ ನಿಲ್ದಾಣಗಳಲ್ಲಿ ತೊಡಕು ಬೇರೆ ಬಗೆಯದು. ನಲವತ್ತು ಜನ ಒಂದೇ ಬೋಗಿಯ ಎರಡು ಬಾಗಿಲುಗಳಿಂದ ಇಳಿಯಬೇಕಾದಾಗ ಒಬ್ಬರಿಗೆ ಒಂದೇ ಚೀಲವಿದ್ದರೆ ಸಮಯ ಹೊಂದುತ್ತದೆ, ಮೂರಾದರೆ ಹೊಂದುವುದಿಲ್ಲ. ಹೀಗಾಗಿ ಭಾರಕ್ಕಿಂತ ಮೊದಲು ಚೀಲಗಳ ಸಂಖ್ಯೆಯನ್ನು ನಿಗದಿಪಡಿಸುವ ತಂಡಗಳ ಪ್ರಯಾಣ ಸುಗಮವಾಗುತ್ತದೆ.

ಕಾನೂನಿನ ಮಿತಿ ಈ ವಿಷಯದಲ್ಲಿ ಹೆಚ್ಚು ನೆರವಾಗುವುದಿಲ್ಲ. ಭಾರತೀಯ ರೈಲ್ವೆ ಎರಡನೆಯ ದರ್ಜೆಯ ಪ್ರಯಾಣಿಕರಿಗೆ 35 ಕಿಲೋ, ಸ್ಲೀಪರ್ ಮತ್ತು ಮೂರನೆಯ ಹವಾನಿಯಂತ್ರಿತ ದರ್ಜೆಯವರಿಗೆ 40 ಕಿಲೋ, ಎರಡನೆಯ ಹವಾನಿಯಂತ್ರಿತ ದರ್ಜೆಯವರಿಗೆ 50 ಕಿಲೋ ಸಾಮಾನನ್ನು ಉಚಿತವಾಗಿ ಒಯ್ಯಲು ಬಿಡುತ್ತದೆ. ಇದು ಒಬ್ಬರಿಗೆ ಅನ್ವಯಿಸುವ ಗರಿಷ್ಠ ಮಿತಿಯೇ ಹೊರತು ಗುಂಪಿಗೆ ತಕ್ಕ ಅಳತೆಯಲ್ಲ. ನಲವತ್ತೈದು ಜನರ ತಂಡದಲ್ಲಿ ಪ್ರತಿಯೊಬ್ಬರೂ 20 ಕಿಲೋ ತಂದರೆ ಒಟ್ಟು 900 ಕಿಲೋ ಆಗುತ್ತದೆ, ಹತ್ತಕ್ಕೆ ಇಳಿಸಿದರೆ 450 ಕಿಲೋ; ಕಾಶಿ ಅಥವಾ ಹರಿದ್ವಾರದಲ್ಲಿ ಇಳಿದ ಮೇಲೆ ಗೊತ್ತುಮಾಡುವ ಸಣ್ಣ ವಾಹನಗಳು ಎರಡು ಸಾಕೋ ಮೂರು ಬೇಕೋ ಎಂಬುದು ಈ ವ್ಯತ್ಯಾಸದ ಮೇಲೆ ನಿಲ್ಲುತ್ತದೆ. ಹೆಚ್ಚಾದ ಬಾಡಿಗೆಯನ್ನು ಕಡಿಮೆ ತಂದವರೂ ಸಮನಾಗಿ ಕೊಡಬೇಕಾಗುವುದರಿಂದ ಸಾಮಾನಿನ ಪ್ರಶ್ನೆ ಅಲ್ಲಿಗೆ ಖಾಸಗಿಯಾಗಿ ಉಳಿಯುವುದಿಲ್ಲ. ಮೆಟ್ಟಿಲಿನ ಮೇಲ್ಸೇತುವೆಯೊಂದನ್ನು ಯಾರ ಸಹಾಯವೂ ಇಲ್ಲದೆ, ನಡುವೆ ನಿಲ್ಲದೆ, ಹೊತ್ತು ದಾಟಲು ಸಾಧ್ಯವಾಗುವಷ್ಟೇ ಭಾರ ಸರಿಯಾದ ಭಾರವೆಂಬ ಲೆಕ್ಕ ಕಿಲೋಗಳ ಲೆಕ್ಕಕ್ಕಿಂತ ನಂಬಲರ್ಹವಾದದ್ದು. ಅರವತ್ತು ದಾಟಿದವರಿಗೆ ಅದು ಏಳೆಂಟು ಕಿಲೋ ಮೀರುವುದು ಅಪರೂಪ.

ಬುತ್ತಿಯ ವಿಚಾರವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗುತ್ತದೆ, ಏಕೆಂದರೆ ಈ ಸೀಮೆಯ ಯಾತ್ರಿಕರು ಬಟ್ಟೆಯನ್ನಾದರೂ ಬಿಟ್ಟಾರು, ರೊಟ್ಟಿಯನ್ನು ಬಿಡಲಾರರು. ಜೋಳದ ಕಟಕ ರೊಟ್ಟಿ, ಅಂದರೆ ಬೇಯಿಸಿದ ಮೇಲೆ ಒಣಗಿಸಿ ಗರಿಗರಿಯಾಗಿಸಿದ ರೊಟ್ಟಿ, ವಾರಗಳವರೆಗೆ ಕೆಡುವುದಿಲ್ಲ ಮತ್ತು ತೂಕದಲ್ಲಿ ಬಹಳ ಹಗುರ. ಆದರೆ ಅದು ಮಡಚುವುದಿಲ್ಲ, ಮೇಲೆ ಏನಿಟ್ಟರೂ ಮುರಿಯುತ್ತದೆ, ಹೀಗಾಗಿ ಭಾರಕ್ಕಿಂತ ಹೆಚ್ಚಾಗಿ ಜಾಗವನ್ನು ಬೇಡುತ್ತದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳದು ಇದಕ್ಕೆ ತದ್ವಿರುದ್ಧ ಸ್ವಭಾವ: ಒಣಮೆಣಸಿನಕಾಯಿಯೊಂದಿಗೆ ಕುಟ್ಟಿದ ಈ ಪುಡಿಗಳು ಸಣ್ಣ ಡಬ್ಬಿಯಲ್ಲಿ ಹಿಡಿಯುತ್ತವೆ, ಆದರೆ ಮನೆಗೊಂದೊಂದು ಕಿಲೋ ಸೇರಿದಾಗ ಭಾರವಾಗುತ್ತವೆ. ಶೇಂಗಾ ಹೋಳಿಗೆ, ಚಕ್ಕುಲಿ, ಅವಲಕ್ಕಿ ಚೂಡಾ, ಉಂಡಿಗಳು ನಡುವಿನವು. ಪ್ರತಿ ಮನೆಯವರೂ ಎಲ್ಲವನ್ನೂ ಮಾಡಿಕೊಂಡು ಬಂದರೆ ಹತ್ತು ಮನೆಯ ಹತ್ತು ಡಬ್ಬಿ ಶೇಂಗಾ ಹಿಂಡಿ ಒಂದೇ ಬೋಗಿಯಲ್ಲಿ ಕೂಡುತ್ತವೆ, ಮತ್ತು ಅವುಗಳಲ್ಲಿ ಏಳು ಮುಚ್ಚಳ ತೆರೆಯದೆ ಊರಿಗೆ ಮರಳುತ್ತವೆ. ಮನೆಗೊಂದು ಪದಾರ್ಥವೆಂದು ಹಂಚಿಕೊಳ್ಳುವುದೇ ಇದಕ್ಕೆ ಪರಿಹಾರ. ಇದು ಹೇಳುವಷ್ಟು ಸುಲಭವಲ್ಲ, ಏಕೆಂದರೆ ತನ್ನ ಕೈಯ ಹಿಂಡಿಯನ್ನು ಬಿಟ್ಟು ಇನ್ನೊಬ್ಬರದನ್ನು ಹದಿನೈದು ದಿನ ಉಣ್ಣಲು ಒಪ್ಪುವ ಗೃಹಿಣಿಯನ್ನು ಹುಡುಕುವುದು ರಿಸರ್ವೇಷನ್ ಸಿಗುವುದಕ್ಕಿಂತ ಕಷ್ಟ. ಆದರೂ ಒಮ್ಮೆ ಹಂಚಿಕೊಂಡು ಹೋಗಿಬಂದ ತಂಡ ಮತ್ತೆ ಹಳೆಯ ಪದ್ಧತಿಗೆ ಮರಳುವುದು ಕಡಿಮೆ.

ಬುತ್ತಿಗೆ ಇರುವ ಒಂದು ಗುಣ ಉಳಿದ ಸಾಮಾನಿಗಿಲ್ಲ: ಅದು ದಿನದಿನಕ್ಕೆ ಕರಗುತ್ತದೆ, ಮತ್ತು ಕರಗಿದಷ್ಟು ಜಾಗ ಮರಳಿ ತರುವ ಪ್ರಸಾದಕ್ಕೆ ಒದಗುತ್ತದೆ. ಆದರೆ ಈ ಲಾಭ ಸಿಗುವುದು ಬುತ್ತಿಯ ಜೊತೆಗೆ ಅದರ ಪಾತ್ರೆಯೂ ಕರಗುವಂತಿದ್ದಾಗ ಮಾತ್ರ. ಸ್ಟೀಲಿನ ಡಬ್ಬಿಯಲ್ಲಿ ತಂದ ಅವಲಕ್ಕಿ ಮುಗಿದ ಮೇಲೂ ಡಬ್ಬಿ ಅಷ್ಟೇ ಜಾಗ ಹಿಡಿದು ಕೂರುತ್ತದೆ. ಬಟ್ಟೆಯ ಚೀಲದಲ್ಲಿ ತಂದರೆ ಚೀಲ ಮಡಚಿ ಸೆರಗಿಗೆ ಸಿಕ್ಕಿಸುವಷ್ಟಾಗುತ್ತದೆ. ಡಬ್ಬಿಯ ರಕ್ಷಣೆ ನಿಜವಾಗಿ ಬೇಕಾದದ್ದು ರೊಟ್ಟಿಗೆ ಮಾತ್ರ, ಮತ್ತು ಅದು ಖಾಲಿಯಾದ ಮೇಲೆ ಗಾಜಿನ ಬಳೆ, ಪ್ರಸಾದದ ಲಾಡುಗಳಂಥ ಒಡೆಯುವ ವಸ್ತುಗಳಿಗೆ ಅದೇ ಡಬ್ಬಿ ಒದಗುತ್ತದೆ.

ಯಾತ್ರೆಯನ್ನು ಯಾರು ನಡೆಸುತ್ತಾರೆ ಎಂಬುದೂ ಇಲ್ಲಿ ಮುಖ್ಯ. ಕರ್ನಾಟಕ ಸರ್ಕಾರದ ಮುಜರಾಯಿ ಇಲಾಖೆಯ ಸಹಾಯಧನದೊಂದಿಗೆ 2022ರ ನವೆಂಬರ್ 11ರಂದು ಆರಂಭವಾದ ಭಾರತ್ ಗೌರವ್ ಕಾಶಿ ದರ್ಶನ ರೈಲಿನಂಥ ವ್ಯವಸ್ಥೆಯಲ್ಲಿ ಊಟ, ವಸತಿ, ಸ್ಥಳೀಯ ವಾಹನ ಎಲ್ಲವೂ ದರದೊಳಗೇ ಸೇರಿರುವುದರಿಂದ ಬುತ್ತಿ ನಾಲಿಗೆಯ ಸಮಾಧಾನಕ್ಕಷ್ಟೇ ಸಾಕು. ಅಡಿಗೆಯವರನ್ನು ಜೊತೆಗೇ ಕರೆದೊಯ್ಯುವ ಬಸ್ಸಿನ ಯಾತ್ರೆಗಳಲ್ಲಿ ಹಾಗಲ್ಲ. ಅಲ್ಲಿ ಬಸ್ಸಿನ ಡಿಕ್ಕಿಯ ಗಣನೀಯ ಭಾಗವನ್ನು ಹಂಡೆ, ಪಾತ್ರೆ, ಅಕ್ಕಿ, ಬೇಳೆ, ಒಲೆಗಳು ಮೊದಲೇ ಆಕ್ರಮಿಸಿರುತ್ತವೆ. ಹೊರಡುವ ಮುನ್ನ ಉಳಿದ ಜಾಗವೆಷ್ಟೆಂದು ಕೇಳಿಕೊಳ್ಳುವುದು ಯಾತ್ರಿಕರ ಹಕ್ಕು, ಆದರೆ ಅದನ್ನು ಕೇಳುವವರು ವಿರಳ. ರೈಲಿನಲ್ಲಿ ಹೋಗುವ ತಂಡಗಳಂತೂ ಒಲೆ, ಸಿಲಿಂಡರು, ಸೀಮೆಎಣ್ಣೆಗಳನ್ನು ಸಾಮಾನಿನ ಪಟ್ಟಿಯಿಂದ ಸಂಪೂರ್ಣವಾಗಿ ತೆಗೆದುಹಾಕಬೇಕು. 2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೆಯಲ್ಲಿ ನಿಂತಿದ್ದ, ಲಖನೌ ಕಡೆಯ ಯಾತ್ರಿಕರ ತಂಡವೊಂದು ಖಾಸಗಿಯಾಗಿ ಗೊತ್ತುಮಾಡಿಕೊಂಡಿದ್ದ ಬೋಗಿಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಅದಕ್ಕೆ ಕಾರಣವೆಂದು ಹೇಳಲಾದದ್ದು ಚಹಾ-ತಿಂಡಿಗೆಂದು ಗುಟ್ಟಾಗಿ ತಂದಿದ್ದ ಅಡಿಗೆ ಅನಿಲದ ಸಿಲಿಂಡರು. 1989ರ ರೈಲ್ವೆ ಕಾಯಿದೆಯ 164ನೆಯ ಕಲಮಿನಂತೆ ಇಂಥ ಅಪಾಯಕಾರಿ ವಸ್ತುಗಳನ್ನು ಒಯ್ಯುವುದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾಗಿದೆ.

ಹಾಸಿಗೆಯ ಪ್ರಶ್ನೆ ಋತುವಿಗೂ ರೈಲಿನ ದರ್ಜೆಗೂ ಸಂಬಂಧಿಸಿದೆ. ಹವಾನಿಯಂತ್ರಿತ ಬೋಗಿಗಳಲ್ಲಿ ಚಾದರ, ದಿಂಬು, ಕಂಬಳಿ ಕೊಡುತ್ತಾರೆ, ಸ್ಲೀಪರಿನಲ್ಲಿ ಕೊಡುವುದಿಲ್ಲ. ಈ ಭಾಗದ ರೈತಕುಟುಂಬಗಳಿಗೆ ಬಿಡುವು ಸಿಗುವುದು ಸುಗ್ಗಿಯ ಆಚೀಚೆ, ಅಂದರೆ ಬಹುಮಟ್ಟಿಗೆ ಚಳಿಗಾಲದಲ್ಲಿ, ಮತ್ತು ಆಗ ಗಂಗಾತೀರದ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಸಾಮಾನ್ಯ. ಎರೆಯ ಸೀಮೆಯಲ್ಲಿ ಬೆಳೆದವರಿಗೆ ಅಂಥ ಚಳಿಯ ರೂಢಿಯಿಲ್ಲ. ಹೀಗೆಂದು ಕೌದಿ, ಅಂದರೆ ಹಳೆಯ ಸೀರೆ-ಧೋತರಗಳನ್ನು ಪದರುಪದರಾಗಿ ಹೊಲಿದ ಹೊದಿಕೆ, ಒಯ್ಯುವುದು ಜಾಣತನವಲ್ಲ. ಅದು ಭಾರ, ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ, ಮತ್ತು ಮೈಮೇಲೆ ಹೊದ್ದು ನಡೆದಾಡಲು ಬರುವುದಿಲ್ಲ. ಸ್ವೆಟರು, ಶಾಲು, ಕಿವಿ ಮುಚ್ಚುವ ಟೊಪ್ಪಿಗೆಗಳನ್ನು ಹಗಲು ಮೈಮೇಲೆ ಧರಿಸಬಹುದಾದ್ದರಿಂದ ಅವು ಚೀಲದಲ್ಲಿ ಜಾಗ ಕೇಳುವುದಿಲ್ಲ. ಸೀರೆಗಳ ಆಯ್ಕೆಯಲ್ಲಿಯೂ ಇದೇ ತರ್ಕವಿದೆ: ತೀರ್ಥಯಾತ್ರೆಯೆಂದರೆ ಸ್ನಾನ, ಸ್ನಾನವೆಂದರೆ ಒದ್ದೆ ಬಟ್ಟೆ, ಮತ್ತು ಪ್ರಯಾಗದ ಸಂಗಮದಲ್ಲಿ ಮಿಂದ ನೂಲಿನ ಸೀರೆಯನ್ನು ಹಿಂಡಿ ಚೀಲಕ್ಕೆ ಹಾಕಿಕೊಂಡರೆ ಅದರಷ್ಟು ಭಾರವಾದ ವಸ್ತು ಇನ್ನೊಂದಿರುವುದಿಲ್ಲ. ಮೀಯಲು ತೆಳುವಾದ, ಬೇಗ ಒಣಗುವ ಸೀರೆಯೊಂದನ್ನು ಬೇರೆಯಾಗಿಟ್ಟು, ನೇಕಾರಿಕೆಗೆ ಹೆಸರಾದ ಬೆಟಗೇರಿಯ ಒಳ್ಳೆಯ ಸೀರೆಯನ್ನು ದರ್ಶನದ ದಿನಕ್ಕೊಂದೇ ಒಯ್ಯುವವರು ಸುಖಿಗಳು.

ಉಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ನಡೆದುಹೋಗುವ ಪಾದಯಾತ್ರಿಗಳು ಸಾಮಾನಿನ ವಿಚಾರದಲ್ಲಿ ಎಲ್ಲರಿಗಿಂತ ಪ್ರಬುದ್ಧರು. ಅವರ ಗುಂಪಿನಲ್ಲಿ ಮಲ್ಲಯ್ಯನ ಕಂಬಿ, ಅಂದರೆ ಸರದಿಯ ಮೇಲೆ ಹೆಗಲಿಗೇರಿಸುವ ಪೂಜ್ಯ ದಂಡ, ಮುಂದೆ ಸಾಗಿದರೆ ಹಾಸಿಗೆ-ಅಡಿಗೆಯ ಸಾಮಾನು ಟ್ರ್ಯಾಕ್ಟರಿನಲ್ಲೋ ಟೆಂಪೋದಲ್ಲೋ ಹಿಂದೆ ಬರುತ್ತದೆ. ನಡೆಯುವವನ ಮೈಮೇಲೆ ಒಂದು ಜೋಳಿಗೆ, ಒಂದು ಟವೆಲು, ಕುಡಿಯುವ ನೀರು ಬಿಟ್ಟರೆ ಬೇರೇನೂ ಇರುವುದಿಲ್ಲ. ಮೈಯ ಸಾಮಾನು, ಗಾಡಿಯ ಸಾಮಾನು ಎಂಬ ಈ ವಿಭಜನೆ ಬಸ್ಸು-ರೈಲಿನ ಯಾತ್ರೆಗೂ ಹಾಗೆಯೇ ಹೊಂದುತ್ತದೆ. ತಿರುಪತಿಯಲ್ಲಿ ಅಲಿಪಿರಿಯ 3,550 ಮೆಟ್ಟಿಲುಗಳನ್ನು ಹತ್ತುವವರ ಚೀಲಗಳನ್ನು ದೇವಸ್ಥಾನವೇ ಕೆಳಗೆ ಪಡೆದು ಬೆಟ್ಟದ ಮೇಲೆ ಮರಳಿ ಕೊಡುತ್ತದೆ. ಕೇದಾರದಲ್ಲಿ ಗೌರಿಕುಂಡದಿಂದ ಸುಮಾರು 16 ಕಿಲೋಮೀಟರು ಏರಬೇಕಾದ್ದರಿಂದ ದೊಡ್ಡ ಚೀಲ ಕೆಳಗಿನ ವಸತಿಯಲ್ಲೇ ಉಳಿಯಬೇಕು. ಕಾಶಿಯ ವಿಶ್ವನಾಥನ ಗುಡಿಯೊಳಗೆ ಮೊಬೈಲನ್ನೂ ಬಿಡುವುದಿಲ್ಲ. ಈ ಮೂರೂ ಕಡೆ ಬೇಕಾಗುವುದು ಔಷಧ, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಹಿಡಿಯುವ ಸಣ್ಣ ಚೀಲ, ಮತ್ತು ಅದು ದೊಡ್ಡ ಚೀಲದ ಮೇಲ್ಭಾಗದಲ್ಲೇ ಮಡಚಿಕೊಂಡಿರಬೇಕು. ಕಾಶಿಯಲ್ಲಿ ಜಂಗಮವಾಡಿ ಮಠದಲ್ಲಿ ತಂಗುವ ಕನ್ನಡ ಯಾತ್ರಿಕರು ಬಲ್ಲಂತೆ, ಅಲ್ಲಿಯ ಹಳೆಯ ಪೇಟೆಯ ಗಲ್ಲಿಗಳಿಗೆ ದೊಡ್ಡ ವಾಹನ ಬರುವುದಿಲ್ಲ. ಚಕ್ರದ ಸೂಟ್‌ಕೇಸು ನುಣುಪಾದ ನೆಲದ ಮೇಲಷ್ಟೇ ಉಪಕಾರಿ, ಮೆಟ್ಟಿಲು-ಕಲ್ಲುಹಾಸುಗಳ ಮೇಲೆ ಅದನ್ನೇ ಹೊರಬೇಕಾಗುತ್ತದೆ.

ಪ್ರವಾಸ ಸಂಸ್ಥೆಗಳು ಎಲ್ಲರಿಗೂ ಒಂದೇ ಬಣ್ಣದ ಚೀಲ ಹಂಚುವುದು ನೋಡಲು ಚೆಂದ, ಆದರೆ ನಲವತ್ತು ಒಂದೇ ಬಗೆಯ ಚೀಲಗಳಲ್ಲಿ ತಮ್ಮದನ್ನು ರಾತ್ರಿಯ ಮಂದ ಬೆಳಕಿನಲ್ಲಿ ಹುಡುಕುವುದು ಶಿಕ್ಷೆ. ಇದಕ್ಕೆ ಈ ಕಡೆಯ ಹೆಂಗಸರು ಕಂಡುಕೊಂಡ ಉಪಾಯ ಸರಳ: ಕುಬಸ ಹೊಲಿದು ಉಳಿದ ಖಣದ ತುಂಡನ್ನು ಹಿಡಿಕೆಗೆ ಕಟ್ಟುವುದು.

ವಿಮಾನದಲ್ಲಿ ಹೋಗುವವರಿಗೆ ತೂಕದ ಮಿತಿ ಕಟ್ಟುನಿಟ್ಟು. ದೇಶದೊಳಗಿನ ಸಾಮಾನ್ಯ ಟಿಕೇಟಿನಲ್ಲಿ 15 ಕಿಲೋ ಕೆಳಗೆ, 7 ಕಿಲೋ ಕೈಯಲ್ಲಿ ಎಂಬುದು ಹೆಚ್ಚಿನ ಸಂಸ್ಥೆಗಳ ನಿಯಮ. ತೂಕದೊಳಗೆ ಇದ್ದರೂ ತಡೆಯಬಹುದಾದ ಕೆಲವು ವಸ್ತುಗಳು ನಮ್ಮ ಬುತ್ತಿಯಲ್ಲಿವೆ: ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚಿರುವುದರಿಂದ ಅದನ್ನು ಬೇಗ ಹೊತ್ತಿಕೊಳ್ಳುವ ವಸ್ತುವೆಂದು ಪರಿಗಣಿಸುತ್ತಾರೆ, ಖಾರದ ಪುಡಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಹಿಂಡಿಯ ಡಬ್ಬಿ ಕೈಚೀಲದಲ್ಲಿದ್ದರೆ ಅದು ಭದ್ರತಾ ತಪಾಸಣೆಯ ಮೇಜಿನ ಮೇಲೇ ಉಳಿಯುವ ಸಂಭವವಿದೆ.

ಮರಳುವ ಭಾರವನ್ನು ಹೊರಡುವಾಗಲೇ ಲೆಕ್ಕಕ್ಕೆ ಹಿಡಿಯುವುದು ಕಡೆಯ ವಿಷಯ, ಮತ್ತು ಹೆಚ್ಚು ಜನ ಮರೆಯುವುದೂ ಇದನ್ನೇ. ರಾಮೇಶ್ವರದ ಮರಳನ್ನು ಗಂಗೆಗೆ, ಗಂಗೆಯ ನೀರನ್ನು ರಾಮೇಶ್ವರಕ್ಕೆ ಒಯ್ಯುವ ಸಂಪ್ರದಾಯದಲ್ಲಿ ಸಾಮಾನೇ ಸಂಕಲ್ಪದ ಭಾಗ. ಅದನ್ನು ಕಡಿಮೆ ಮಾಡೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಲಕ್ಷ್ಮೇಶ್ವರ, ಗದುಗಿನ ಹಜ್ ಯಾತ್ರಿಕರಿಗೂ ಝಮ್‌ಝಮ್ ನೀರು ಹಾಗೆಯೇ. ಐದು ಲೀಟರಿನ ಒಂದು ಕ್ಯಾನು ಎಂದರೆ ಐದು ಕಿಲೋ. ಓಣಿಯವರು, ಬೀಗರು, ನೆರೆಯವರು ಎಲ್ಲರಿಗೂ ತೀರ್ಥ-ಪ್ರಸಾದ ಹಂಚಬೇಕಾದ ಈ ಸೀಮೆಯಲ್ಲಿ ಮನೆಗೆ ನಾಲ್ಕೈದು ಕಿಲೋ ಹೆಚ್ಚುವುದು ಖಂಡಿತವಾದ್ದರಿಂದ, ಹೊರಡುವಾಗ ಚೀಲದ ಕಾಲುಭಾಗ ಖಾಲಿಯಿರಬೇಕು, ಇಲ್ಲವೆ ಮುಗಿಯುವ ಬುತ್ತಿಯಿಂದ ತುಂಬಿರಬೇಕು. ಗಾಡಿ ಗದುಗನ್ನು ತಲುಪುವುದು ಹಲವು ಸಲ ಅವೇಳೆಯಲ್ಲಿ, ಮುಂಡರಗಿ-ಶಿರಹಟ್ಟಿಯ ಬಸ್ಸು ಇಲ್ಲದ ಹೊತ್ತಿನಲ್ಲಿ. ದಣಿದ ಜನ, ಹೋದದ್ದಕ್ಕಿಂತ ಹೆಚ್ಚಾದ ಗಂಟು. ಆದ್ದರಿಂದ ಅನುಭವಸ್ಥ ತಂಡಗಳು ಮರಳುವ ರಾತ್ರಿಗೊಂದು ವಾಹನವನ್ನು ಹೊರಡುವ ಮುಂಚೆಯೇ ಹೇಳಿಟ್ಟು, ಅದರ ಬಾಡಿಗೆಯನ್ನೂ ಯಾತ್ರೆಯ ವಂತಿಗೆಯಲ್ಲೇ ಸೇರಿಸಿ ವಸೂಲು ಮಾಡುತ್ತವೆ.