ಪೇಟೆಯ ಅಂಗಡಿಯೂ ಅಂತರ್ಜಾಲದ ಸಂತೆಯೂ

ವಾಣಿಜ್ಯದ ಮೂಲಧನವು ಎರಡು ವಿಧ: ಒಂದು ಹಣ, ಇನ್ನೊಂದು ನಂಬಿಕೆ. ‘ಸೆಟ್ಟಿ’ ಎಂಬ ಪದವು ಸಂಸ್ಕೃತದ ‘ಶ್ರೇಷ್ಠಿ’ ಶಬ್ದದ ತದ್ಭವ. ವರ್ತಕನಿಗೆ ಇಂತಹ ಹೆಸರನ್ನಿತ್ತ ಸಮಾಜವು ಅವನ ಹಣದ ಚೀಲದೊಡನೆ ಅವನ ಮಾತನ್ನೂ ತೂಗಿ ನೋಡಿರಬೇಕು.

ಈ ವರ್ತಕನ ಎದುರಿಗೆ ಇಂದು ಪ್ರಬಲ ಸ್ಪರ್ಧಿಗಳು ನಿಂತಿದ್ದಾರೆ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕಗಳ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್, 2013ರಲ್ಲಿ ಭಾರತದಲ್ಲಿ ಮಾರಾಟತಾಣವನ್ನು ತೆರೆದ ಅಮೆಜಾನ್ ಮುಂತಾದ ಸಂಸ್ಥೆಗಳು ಸಣ್ಣ ಊರುಗಳ ಮನೆಬಾಗಿಲಿಗೂ ಸರಕನ್ನು ತಲುಪಿಸುತ್ತಿವೆ. ತಂದೆಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ಮಗನಿಗೆ, ಈ ಅಂಗಡಿ ತನ್ನ ಕಾಲಕ್ಕೇ ಮುಚ್ಚಿಹೋಗುವುದೇ ಎಂಬ ಚಿಂತೆ ಹುಟ್ಟಿರುವುದು ಸಹಜವೇ ಆಗಿದೆ.

ಬೆಲೆಯೊಂದರಲ್ಲಿಯೇ ಸೆಣಸುವುದು ವಿವೇಕವಲ್ಲ. ರಾಶಿರಾಶಿಯಾಗಿ ಖರೀದಿಸಿ, ವರ್ಷಗಟ್ಟಲೆ ನಷ್ಟವನ್ನೂ ತಾಳಬಲ್ಲ ಬಂಡವಾಳದೆದುರು ಸಣ್ಣ ವರ್ತಕನು ರಿಯಾಯಿತಿಯಲ್ಲಿ ಗೆಲ್ಲಲಾರನು. ಎಲ್ಲೆಡೆಯೂ ಒಂದೇ ಬಗೆಯಾಗಿರುವ ಮೊಬೈಲು, ವಿದ್ಯುದುಪಕರಣ ಮೊದಲಾದ ಸರಕುಗಳಲ್ಲಿ ಗಿರಾಕಿಯು ಅಗ್ಗವಾದೆಡೆಗೆ ಹೋಗುವನು. ಆದರೆ ದೊಡ್ಡ ಸಂಸ್ಥೆಗಳಿಗೂ ಭಾರವಾದ ವೆಚ್ಚಗಳಿವೆ. ದೂರದಿಂದ ತರಿಸಿದ ಸೀರೆಯು ಮೆಚ್ಚಿಗೆಯಾಗದೆ ಹಿಂದಿರುಗಿದರೆ ಸಾಗಾಟದ ಖರ್ಚು ಎರಡು ಬಾರಿ ಬೀಳುತ್ತದೆ. ಕಟ್ಟು ಬಿಚ್ಚಿದ ಸರಕು ಮತ್ತೆ ಹೊಸದಾಗಿ ಮಾರಾಟವಾಗುವುದೂ ಸಂಶಯ. ಸಮೀಪದ ಅಂಗಡಿಗೆ ಈ ಹೊರೆ ಅಲ್ಪ.

ಹಾಗಾದರೆ ವರ್ತಕನ ನಿಜವಾದ ಬಲ ಯಾವುದು? ಸರಕಿನ ಅರಿವು. ಪರದೆಯ ಮೇಲಿನ ವಸ್ತುವನ್ನು ಮುಟ್ಟಲಾಗದು, ಮೂಸಲಾಗದು. ಕೈಯ ಸ್ಪರ್ಶವು ಇಲ್ಲವಾದೆಡೆ ಮಾರುವವನ ಮಾತೇ ಆ ಸ್ಥಾನವನ್ನು ತುಂಬಬೇಕು. ಇಳಕಲ್ ಸೀರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಯೆಳೆಯಾಗಿ ಕೊಂಡಿ ಹಾಕಿ ಕೂಡಿಸುವುದು ಕೈಮಗ್ಗದ ನೇಕಾರನ ಕುಶಲತೆ. ಯಂತ್ರಮಗ್ಗದ ಅನುಕರಣೆ ಯಾವುದು, ಅಸಲು ಯಾವುದು ಎಂಬುದನ್ನು ಬಟ್ಟೆಯಂಗಡಿಯವನು ಅಂಚು ಹಿಡಿದೊಡನೆ ಹೇಳಬಲ್ಲನು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ‘ಕಡ್ಡಿ’ ಯಾವುದು, ‘ಡಬ್ಬಿ’ ಯಾವುದು, ಖಾರ ಕಡಿಮೆಯಾಗಿ ಬಣ್ಣ ಹೆಚ್ಚಾಗಿರುವುದೇಕೆ ಮೆಚ್ಚಿನದು ಎಂಬುದು ಕಿರಾಣಿಯವನಿಗೆ ಕರತಲಾಮಲಕ. ಈ ಅರಿವನ್ನು ಶುದ್ಧವಾದ ನಾಲ್ಕು ಕನ್ನಡ ವಾಕ್ಯಗಳಲ್ಲಿ ಬರೆದು, ನೈಜ ಬಣ್ಣದ ಚಿತ್ರದೊಡನೆ ಮುಂದಿಟ್ಟರೆ ಅದುವೇ ಉತ್ತಮವಾದ ಜಾಹೀರಾತು. ಇಲ್ಲಿ ಅತಿಶಯೋಕ್ತಿಯು ಅಲಂಕಾರವಾಗದೆ ದೋಷವಾಗುತ್ತದೆ.

ಈ ಬಲವನ್ನು ಕಾರ್ಯಗತಗೊಳಿಸಲು ಮೂರು ಉಪಾಯಗಳುಂಟು.

ಮೊದಲನೆಯದು ಸಾಮೀಪ್ಯ. ದೂರವಾಣಿಯಲ್ಲಾಗಲಿ ವಾಟ್ಸ್‌ಆ್ಯಪ್‌ನಲ್ಲಾಗಲಿ ಬಂದ ಚೀಟಿಯಂತೆ ಸಾಮಾನು ಕಟ್ಟಿ, ಹೇಳಿದ ಹೊತ್ತಿಗೆ ಓಣಿಯ ಮನೆಗಳಿಗೆ ಮುಟ್ಟಿಸುವುದು. 2016ರಲ್ಲಿ ಬಂದ ಯುಪಿಐ ವ್ಯವಸ್ಥೆಯಿಂದ ಹಣದ ಪಾವತಿಯು ಚಿಕ್ಕ ಅಂಗಡಿಗೂ ಸುಲಭವಾಗಿದೆ.

ಎರಡನೆಯದು ಮುಕ್ತ ಜಾಲ. ಕೇಂದ್ರ ಸರ್ಕಾರದ ಉಪಕ್ರಮದಿಂದ ಹುಟ್ಟಿದ ಓಎನ್‌ಡಿಸಿ ಜಾಲವು 2022ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ ಐದು ನಗರಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಮಾರುವವನು ಒಂದು ತಂತ್ರಾಂಶದಲ್ಲಿದ್ದರೂ ಕೊಳ್ಳುವವನು ಇನ್ನೊಂದರಿಂದ ಅವನನ್ನು ತಲುಪಬಹುದೆಂಬುದೇ ಇದರ ತತ್ತ್ವ. ಒಂದೇ ಸಂಸ್ಥೆಯ ಅಂಗಳಕ್ಕೆ ಕಟ್ಟುಬೀಳಬೇಕಾಗಿಲ್ಲ. ಆದರೂ ಸೇರುವ ಮೊದಲು ದಲ್ಲಾಳಿ, ಸಾಗಾಟ, ವಾಪಸಾತಿಗಳ ಲೆಕ್ಕವನ್ನು ಹಾಕಲೇಬೇಕು.

ಮೂರನೆಯದು ನಿಯಮಪಾಲನೆ. 2020ರ ಇ-ವಾಣಿಜ್ಯ ನಿಯಮಗಳಂತೆ ವಾಪಸಾತಿಯ ಷರತ್ತುಗಳು ಸ್ಪಷ್ಟವಾಗಿರಬೇಕು. ದೂರು ಬಂದುದನ್ನು 48 ಗಂಟೆಗಳೊಳಗೆ ಒಪ್ಪಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಗಿರಾಕಿಯ ಮುಖ ನೋಡಿ ಮಾತನಾಡಿದ ಅಂಗಡಿಕಾರನಿಗೆ ಇದು ಹೊಸ ಪಾಠವಲ್ಲ.

ಒಬ್ಬನಿಂದಾಗದುದು ಹಲವರಿಂದ ಸಾಧ್ಯ. ಇಳಕಲ್ಲಿರುವ ಬಾಗಲಕೋಟೆ ಜಿಲ್ಲೆಯಲ್ಲಿಯೇ ಐಹೊಳೆಯೂ ಇದೆ. ಆ ಊರಿನ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವು ತನ್ನನ್ನು ಬಣಂಜುಧರ್ಮದ ಪಾಲಕರೆಂದು ಶಾಸನಗಳಲ್ಲಿ ಸಾರಿಕೊಂಡಿತು. ಐನೂರ್ವರ ಹೆಸರು 1088ರ ಶಾಸನವೊಂದರಲ್ಲಿ ದೂರದ ಸುಮಾತ್ರದಲ್ಲಿಯೂ ದೊರೆತಿದೆ. ಕಡಲಾಚೆಯ ವ್ಯಾಪಾರವನ್ನು ಸಾಧಿಸಿದ್ದು ಸಂಘಬಲ ಮತ್ತು ಕಟ್ಟಳೆಗಳು. ಇಂದಿನ ಪೇಟೆಯ ವರ್ತಕರೂ ಒಟ್ಟಾಗಿ ಖರೀದಿಸಿ, ಸಾಮಾನು ಮುಟ್ಟಿಸುವ ಹುಡುಗರನ್ನು ಕೂಡಿಯೇ ನೇಮಿಸಿ, ತೂಕದಲ್ಲಿ ತಪ್ಪಿದವನನ್ನು ತಾವೇ ತಿದ್ದಿದರೆ ಖರ್ಚು ತಗ್ಗುವುದು, ಹೆಸರು ಉಳಿಯುವುದು.

ಮಳೆ ಹೋದ ವರ್ಷ ರೈತನಿಗೆ ಸುಗ್ಗಿಯವರೆಗೆ ಉದ್ರಿ ಕೊಟ್ಟು ಖಾತೆಪುಸ್ತಕದಲ್ಲಿ ಬರೆದುಕೊಂಡವನು ಓಣಿಯ ಅಂಗಡಿಕಾರನೇ. ಆ ಬಾಗಿಲು ಮುಚ್ಚಿದರೆ ಬಡವನ ಆಸರೆಯೊಂದು ಮುಚ್ಚಿದಂತೆ. ಆದುದರಿಂದ ಶಾಲೆಗಳಲ್ಲಿ ಲೆಕ್ಕದೊಡನೆ ವಸ್ತುವನ್ನು ಇದ್ದಂತೆ ವರ್ಣಿಸುವ ಬರವಣಿಗೆಯನ್ನೂ ಕಲಿಸುವುದು ಯೋಗ್ಯ. ಸಾಧನಗಳು ಬದಲಾಗುತ್ತವೆ, ತಕ್ಕಡಿಯ ಮುಳ್ಳು ನಡುವೆ ನಿಲ್ಲಬೇಕೆಂಬ ನಿಯಮವು ಬದಲಾಗದು.