ಹಬೆಯ ಕೊಳವೆಗೆ ಸುತ್ತಿದ ಹಗ್ಗ: ಉಷ್ಣ ನಿರೋಧನದ ಒಂದು ಪಾಠ

ಬೋಧನಾಭ್ಯಾಸದಲ್ಲಿ ಏಳನೆಯ ತರಗತಿಗೆ ಉಷ್ಣದ ವಹನ ಬೋಧಿಸಲು ನಾನು ಆಯ್ದುಕೊಂಡ ಸನ್ನಿವೇಶ ಹಬೆಯ ಕೊಳವೆ. ಹಾಸ್ಟೆಲ್, ಹೋಟೆಲುಗಳ ದೊಡ್ಡ ಅಡುಗೆಮನೆಯಲ್ಲಿ ಬಾಯ್ಲರಿನಿಂದ ಇಡ್ಲಿ ಪಾತ್ರೆಗೆ ಹಬೆ ಒಯ್ಯುವ ಕೊಳವೆಗೆ ಹಗ್ಗವನ್ನೋ ಹೊದಿಕೆಯನ್ನೋ ಸುತ್ತಿರುತ್ತಾರೆ.

ಪೂರ್ವಜ್ಞಾನ: 'ಏಕೆ ಸುತ್ತುತ್ತಾರೆ?' ಎಂದು ಕೇಳಿದೆ. 'ಕಂಬಳಿ ಥರ ಹಗ್ಗಾನೂ ಬಿಸಿ ಕೊಡುತ್ತೆ' ಎಂಬುದೇ ಹೆಚ್ಚಿನವರ ಉತ್ತರ. ಅದನ್ನು ತಪ್ಪೆನ್ನದೆ ಕಪ್ಪುಹಲಗೆಯ ಮೇಲೆ ಬರೆದಿಟ್ಟೆ.

ಚಟುವಟಿಕೆ 1: ಒಂದೇ ಅಳತೆಯ ಮೂರು ಸ್ಟೀಲ್ ಲೋಟಗಳು. ಒಂದು ಬರಿಯದು, ಒಂದಕ್ಕೆ ಒಣಗಿದ ತೆಂಗಿನ ನಾರಿನ ಹಗ್ಗ, ಮತ್ತೊಂದಕ್ಕೆ ನೆನೆಸಿದ ಅದೇ ಹಗ್ಗ. ಸಮನಾಗಿ ಬಿಸಿನೀರನ್ನು ನಾನೇ ಹಾಕಿ, ಮುಚ್ಚಿ, 5 ನಿಮಿಷಕ್ಕೊಮ್ಮೆ ಥರ್ಮಾಮೀಟರ್ ಓದಿಸಿದೆ. ಒಣ ಹಗ್ಗದ ಲೋಟವೇ ಎಲ್ಲಕ್ಕಿಂತ ನಿಧಾನವಾಗಿ ತಣಿಯಿತು.

ಚಟುವಟಿಕೆ 2: ಬರಿಯ ಲೋಟಕ್ಕೂ ಒಣ ಹಗ್ಗದ ಲೋಟಕ್ಕೂ ಸಮನಾದ ಮಂಜುಗಡ್ಡೆ ಹಾಕಿದೆವು. ಬರಿಯ ಲೋಟದ್ದೇ ಮೊದಲು ಕರಗಿತು. 'ಹಗ್ಗ ಬಿಸಿ ಕೊಡೋದಾದ್ರೆ ಇದು ಬೇಗ ಕರಗಬೇಕಿತ್ತಲ್ವಾ?' ಎಂದು ಹುಡುಗಿಯೊಬ್ಬಳು ಕೇಳಿದಳು. ಹಲಗೆಯ ಮೇಲಿನ ವಾಕ್ಯವನ್ನು ಮಕ್ಕಳೇ ತಿದ್ದಿದರು: 'ಹಗ್ಗ ಬಿಸಿ ಕೊಡುವುದಿಲ್ಲ, ದಾಟಲು ಬಿಡುವುದಿಲ್ಲ.' 'ನಿಧಾನವಾಗಿ ಬಿಡುತ್ತದೆ' ಎನ್ನುವುದು ಇನ್ನೂ ಸರಿ ಎಂದು ಚರ್ಚಿಸಿದೆವು.

ಪರಿಕಲ್ಪನೆ: ತಡೆಯುವುದು ಮುಖ್ಯವಾಗಿ ನಾರುಗಳ ನಡುವೆ ಸಿಕ್ಕಿಕೊಂಡ ನಿಶ್ಚಲ ಗಾಳಿ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ, ಜೊತೆಗೆ ಆವಿಯಾಗುತ್ತಲೂ ಉಷ್ಣವನ್ನು ಒಯ್ಯುತ್ತದೆ. ಆದ್ದರಿಂದ ಹಗ್ಗ ನೆನೆದರೆ ಪ್ರಯೋಜನ ಕುಗ್ಗುತ್ತದೆ.

ಕೊಳವೆಗೆ ಅನ್ವಯ: 100 ಡಿಗ್ರಿ ಸೆಲ್ಸಿಯಸ್‌ನ 1 ಕಿಲೋಗ್ರಾಂ ಹಬೆ ನೀರಾಗುವಾಗ ಸುಮಾರು 2,260 ಕಿಲೋಜೂಲ್ ಉಷ್ಣ ಬಿಡುತ್ತದೆ. ಬೇಯಿಸುವುದು ಮುಖ್ಯವಾಗಿ ಈ ಉಷ್ಣವೇ. ಹಬೆ ದಾರಿಯಲ್ಲೇ ನೀರಾದರೆ ಉರುವಲು ವ್ಯರ್ಥ. ಬರಿಯ ಕೊಳವೆ ತಗುಲಿದರೆ ಕೈ ಸುಡುತ್ತದೆ.

ಎಚ್ಚರಿಕೆ: ನಾರಿನ ಹಗ್ಗ ತರಗತಿಯ ಪ್ರಯೋಗಕ್ಕೆ ಮಾತ್ರ, ಹೆಚ್ಚು ಕಾಯುವ ಕೊಳವೆಯ ಮೇಲೆ ಅದು ಕರಿಕಾಗಬಹುದು. ಅಲ್ಲಿಗೆ ಗ್ಲಾಸ್ ವುಲ್, ರಾಕ್ ವುಲ್‌ನಂಥವು ಬೇಕು. ಹಿಂದೆ ಕಲ್ನಾರಿನ ಹಗ್ಗವನ್ನೂ ಸುತ್ತುತ್ತಿದ್ದರು. ಅದರ ಸೂಕ್ಷ್ಮ ಎಳೆಗಳು ಉಸಿರಿನೊಡನೆ ಒಳಸೇರಿದರೆ ಶ್ವಾಸಕೋಶದ ರೋಗ, ಕ್ಯಾನ್ಸರ್ ಬರಬಹುದು. ಕ್ಷೇತ್ರ ಭೇಟಿಯಲ್ಲಿ ಹಳೆಯ ಹೊದಿಕೆಯನ್ನು ಮಕ್ಕಳು ಮುಟ್ಟದಂತೆ, ಕೀಳದಂತೆ ನೋಡಿಕೊಳ್ಳಬೇಕು.

ಮೌಲ್ಯಮಾಪನ: 'ಮಳೆಯಲ್ಲಿ ನೆನೆದ ಹೊದಿಕೆಯನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ? ಕಾರಣ ಕೊಡಿ.'

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು: ಸಮಯ ಸಾಲದೆಂದು ಮಂಜುಗಡ್ಡೆಯನ್ನು ಕೈಬಿಡಬೇಡಿ. ಬಿಸಿನೀರೊಂದನ್ನೇ ತೋರಿಸಿದರೆ 'ಹಗ್ಗ ಬಿಸಿ ಕೊಡುತ್ತದೆ' ಎನ್ನುವ ಮಗುವಿಗೂ ತನ್ನ ಮಾತೇ ಸರಿ ಎನಿಸುತ್ತದೆ. ಎರಡು ವಿವರಣೆಗಳಲ್ಲಿ ಯಾವುದು ನಿಜವೆಂದು ತೀರ್ಮಾನಿಸುವುದು ಮಂಜುಗಡ್ಡೆಯೇ.