ಮಿಥುನ ರಾಶಿಯವರಿಗೆ ಆಸ್ಪಿರಿನ್ ಬೇಡವಾ?

ವೈದ್ಯಕೀಯ ಸಂಶೋಧನೆಯ ಸುದ್ದಿ ಓದುವಾಗ ನಾವೆಲ್ಲ ನೇರ ಕೊನೆಯ ಸಾಲಿಗೆ ಹೋಗಿಬಿಡ್ತೀವಿ: ಔಷಧಿ ಕೆಲಸ ಮಾಡ್ತಾ, ಇಲ್ವಾ? ಆದರೆ ಆ ಉತ್ತರ ಹೇಗೆ ಬಂತು ಅನ್ನೋದೂ ಅಷ್ಟೇ ಮುಖ್ಯ. ಇದಕ್ಕೆ ಒಳ್ಳೆಯ ಉದಾಹರಣೆ ಐಸಿಸ್-2 ಅಧ್ಯಯನ. (ಹೆಸರು ನೋಡಿ ಗಾಬರಿಯಾಗಬೇಡಿ, ಇದು 1988ರದ್ದು!)

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮುನ್ನಡೆಸಿದ ಈ ಅಧ್ಯಯನ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 417 ಆಸ್ಪತ್ರೆಗಳು, ಹೃದಯಾಘಾತದ ಶಂಕೆಯಿಂದ ದಾಖಲಾದ 17,187 ರೋಗಿಗಳು. ಅರ್ಧ ಜನಕ್ಕೆ ಒಂದು ತಿಂಗಳು ದಿನಾ ಆಸ್ಪಿರಿನ್, ಇನ್ನರ್ಧಕ್ಕೆ ನೋಡಲು ಅದೇ ಥರ ಇರುವ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಅನ್ನೋದು ಲಾಟರಿ ಎತ್ತಿದ ಹಾಗೆ. ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. (ಸ್ಟ್ರೆಪ್ಟೊಕೈನೇಸ್ ಎಂಬ ಇನ್ನೊಂದು ಔಷಧಿಯನ್ನೂ ಇದೇ ಅಧ್ಯಯನದಲ್ಲಿ ಪರೀಕ್ಷಿಸಿದರು.)

ಐದು ವಾರದಲ್ಲಿ ಹೃದಯ, ರಕ್ತನಾಳದ ಕಾರಣಗಳಿಂದ ತೀರಿಕೊಂಡವರು: ಆಸ್ಪಿರಿನ್ ಗುಂಪಲ್ಲಿ 804 (9.4%), ಇನ್ನೊಂದರಲ್ಲಿ 1,016 (11.8%). ಅಂದರೆ 1000 ರೋಗಿಗಳಿಗೆ ಸುಮಾರು 24 ಜೀವ ಉಳಿದವು. ಅದೂ ಇಷ್ಟು ಅಗ್ಗದ ಮಾತ್ರೆಯಿಂದ!

ಆಗ ಪತ್ರಿಕೆಯ ಸಂಪಾದಕರು ರೋಗಿಗಳನ್ನು ಚಿಕ್ಕ ಚಿಕ್ಕ ಗುಂಪುಗಳಾಗಿ ಒಡೆದು ಫಲಿತಾಂಶ ತೋರಿಸಿ ಎಂದು ಕೇಳಿದರು. ಸಂಶೋಧಕರು ಒಪ್ಪಿದರು, ಜೊತೆಗೆ ಹುಟ್ಟಿದ ರಾಶಿಯ ಪ್ರಕಾರವೂ ಒಡೆದು ತೋರಿಸಿದರು. (ನಮ್ಮ ಜಾತಕದ ಚಂದ್ರರಾಶಿ ಅಲ್ಲ, ಜನ್ಮದಿನಾಂಕದಿಂದ ನೋಡುವ ಪಾಶ್ಚಾತ್ಯ ರಾಶಿ.) ಮಿಥುನ ಮತ್ತು ತುಲಾ ರಾಶಿಯವರಲ್ಲಿ ಆಸ್ಪಿರಿನ್ ತಗೊಂಡವರೇ ಸ್ವಲ್ಪ ಹೆಚ್ಚು ಸತ್ತಿದ್ದರು: 150 ಜನ, ತಗೊಳ್ಳದವರು 147. ಉಳಿದ ಹತ್ತು ರಾಶಿಗಳಲ್ಲಿ ಭಾರೀ ಲಾಭ: 654 ಮತ್ತು 869.

ಹಾಗಾದ್ರೆ ಮಿಥುನ ರಾಶಿಯವರಿಗೆ ಆಸ್ಪಿರಿನ್ ಕೊಡಬಾರದಾ? ಖಂಡಿತ ಅಲ್ಲ. ಸಂಶೋಧಕರು ತೋರಿಸಬೇಕು ಅಂದುಕೊಂಡಿದ್ದೂ ಅದನ್ನೇ. ಗುಂಪು ಚಿಕ್ಕದಾದಷ್ಟೂ ಸಿಗ್ನಲ್ ಕಮ್ಮಿ, ನಾಯ್ಸ್ ಜಾಸ್ತಿ. ಮೊದಲೇ ಯೋಚಿಸದೆ, ಡೇಟಾ ಬಂದಮೇಲೆ ಹೇಗೆ ಬೇಕೋ ಹಾಗೆ ಒಡೆದರೆ, ಎಲ್ಲಾದರೂ ಒಂದು ಕಡೆ ವಿಚಿತ್ರ ಫಲಿತಾಂಶ ಸಿಕ್ಕೇ ಸಿಗುತ್ತೆ.

ನಾವೇ ಲೆಕ್ಕ ಹಾಕಿ ನೋಡೋಣ. ಏನೂ ಪರಿಣಾಮವಿಲ್ಲದ ಒಂದು ಔಷಧಿಯನ್ನು 12 ಗುಂಪುಗಳಲ್ಲಿ ಬೇರೆ ಬೇರೆಯಾಗಿ ಪರೀಕ್ಷಿಸುತ್ತೇವೆ. ಪ್ರತಿಯೊಂದರಲ್ಲೂ ತಪ್ಪು ಫಲಿತಾಂಶ ಬರುವ ಸಾಧ್ಯತೆ 5%. ಕನಿಷ್ಠ ಒಂದರಲ್ಲಾದರೂ ಔಷಧಿಗೆ ಪರಿಣಾಮ ಇದೆ ಅಂತ ಕಾಣುವ ಸಾಧ್ಯತೆ 1 − (0.95)¹², ಅಂದರೆ ಸುಮಾರು 46%. ಹೆಚ್ಚುಕಮ್ಮಿ ನಾಣ್ಯ ಚಿಮ್ಮಿದ ಹಾಗೆ!

ರಾಶಿ ಅಂದಾಗ ನಾವು ನಗ್ತೀವಿ. ಆದರೆ ಅದೇ ಜಾಗದಲ್ಲಿ 'ಮಹಿಳೆಯರು' ಅಥವಾ '70 ದಾಟಿದವರು' ಅಂತ ಇದ್ದಿದ್ರೆ? ತಕ್ಷಣ ನಂಬಿಬಿಡ್ತಿದ್ವಿ. ಆಗ ಜೀವ ಉಳಿಸುವ ಮಾತ್ರೆ ಆ ರೋಗಿಗಳಿಗೆ ಸಿಗದೇ ಹೋಗಬಹುದಿತ್ತು. ಗುಂಪುಗಳ ನಡುವೆ ನಿಜವಾದ ವ್ಯತ್ಯಾಸ ಇರಲೂಬಹುದು, ಆದರೆ ಹೊಸ ಅಧ್ಯಯನದಲ್ಲೂ ಅದು ಕಾಣಿಸಬೇಕು.

ಹಾಗಾಗಿ ಮುಂದಿನ ಸಲ ಯಾವುದೇ ಸಂಶೋಧನೆ ಓದುವಾಗ ಮೂರು ಪ್ರಶ್ನೆ ಕೇಳಿ:

1. ಪ್ರಶ್ನೆಯನ್ನು ಡೇಟಾ ನೋಡುವ ಮೊದಲೇ ಬರೆದಿಟ್ಟಿದ್ದರಾ?
2. ಒಟ್ಟು ಎಷ್ಟು ಗುಂಪುಗಳನ್ನು ಪರೀಕ್ಷಿಸಿದರು?
3. ಬೇರೆಯವರು ಮಾಡಿದಾಗಲೂ ಅದೇ ಉತ್ತರ ಬಂತಾ?

ನಮ್ಮ ಮಿನಿ ಪ್ರಾಜೆಕ್ಟ್ ರಿಪೋರ್ಟಿಗೂ ಇದೇ ಮೂರು ಪ್ರಶ್ನೆ ಅನ್ವಯಿಸುತ್ತೆ. ಹತ್ತು ಗ್ರಾಫ್ ಹಾಕಿ, ಚೆನ್ನಾಗಿ ಬಂದ ಒಂದನ್ನೇ ತೋರಿಸಿದರೆ, ಉಳಿದ ಒಂಬತ್ತರ ಬಗ್ಗೆಯೂ ಬರೆಯಬೇಕು.

ಕೊನೆಗೊಂದು ಮಾತು: ಇದನ್ನು ಓದಿ ಯಾರೂ ಸ್ವಂತವಾಗಿ ಆಸ್ಪಿರಿನ್ ಶುರು ಮಾಡಬೇಡಿ. ಅದರಿಂದ ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ವೈದ್ಯರನ್ನೇ ಕೇಳಿ.